ಗಾಳಿ ಇಲ್ಲದ ಹೋವರ್‌ಕ್ರಾಫ್ಟ್

ಮಾಡೆಲ್ ಕಿಟ್ ಬಗ್ಗೆ ಬರೆಯೋರು ಮೊದಲು ಡಬ್ಬಿ ಬಿಚ್ಚಿ ಒಳಗೆ ಏನೇನಿದೆ ಅಂತ ಹೇಳೋದು ರೂಢಿ. ನಾನು ಕೊನೆಯಿಂದ ಶುರು ಮಾಡ್ತೀನಿ. ಅಂಟಿಸಿ, ಬಣ್ಣ ಹಚ್ಚಿ ಮುಗಿಸಿದ ಎಸ್‌ಆರ್‌.ಎನ್‌4 ಹೋವರ್‌ಕ್ರಾಫ್ಟ್ ಈಗ ಕುಮಾರಪಟ್ಟಣದ ನಮ್ಮ ಮನೆಯ ಟಿವಿ ಪಕ್ಕದಲ್ಲಿ ಕೂತಿದೆ. ‘ಕೂತಿದೆ’ ಅನ್ನೋದೇ ಅದರ ಮೇಲೆ ನನ್ನ ತಕರಾರು.

ಈ ಯಂತ್ರದ ಬಗ್ಗೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಇಂಗ್ಲೆಂಡಿನ ದಕ್ಷಿಣಕ್ಕಿರುವ ವೈಟ್ ದ್ವೀಪದ ಕೌಸ್ ಊರಲ್ಲಿ, ಮೊದಲು ನೀರಿನ ಮೇಲಿಳಿಯುವ ವಿಮಾನ ಕಟ್ಟುತ್ತಿದ್ದ ಜನ ಕಟ್ಟಿದ್ದು. 1968ರ ಆಗಸ್ಟ್‌ನಿಂದ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಕಡಲನ್ನು ದಾಟಿಸೋಕೆ ಶುರು ಮಾಡಿತು. ಒಂದು ಸಲಕ್ಕೆ 254 ಜನ, 30 ಕಾರು. ಆಮೇಲೆ ನಡು ಕತ್ತರಿಸಿ ಉದ್ದ ಮಾಡಿದ ಮೇಲೆ 418 ಜನ, ಸುಮಾರು 60 ಕಾರು. ಪ್ರೋಟಿಯಸ್ ಅನ್ನೋ ಗ್ಯಾಸ್ ಟರ್ಬೈನ್ ಎಂಜಿನ್ ನಾಲ್ಕು. ಒಂದೊಂದೂ ಮೇಲೆ 19 ಅಡಿ ಅಗಲದ ಪ್ರೊಪೆಲ್ಲರ್ ತಿರುಗಿಸಬೇಕು, ಒಳಗೆ ದೊಡ್ಡ ಫ್ಯಾನ್ ತಿರುಗಿಸಿ ಕೆಳಕ್ಕೆ ಗಾಳಿ ತುಂಬಬೇಕು. ಹಡಗಿಗೆ ಒಂದೂವರೆ ಗಂಟೆ ಹಿಡಿಯೋ ದಾರಿಗೆ ಇದಕ್ಕೆ ಅರ್ಧ ಗಂಟೆ ಚಿಲ್ಲರೆ. 1995ರಲ್ಲಿ ಒಮ್ಮೆ 22 ನಿಮಿಷದಲ್ಲೇ ದಾಟಿದ ದಾಖಲೆ ಇದೆ. ಜೇಮ್ಸ್ ಬಾಂಡ್ ಕೂಡ ‘ಡೈಮಂಡ್ಸ್ ಆರ್ ಫಾರೆವರ್’ ಸಿನಿಮಾದಲ್ಲಿ ಇದನ್ನೇ ಹತ್ತುತ್ತಾನೆ. ಒಟ್ಟು ಕಟ್ಟಿದ್ದು ಬರೀ ಆರು. 2000ನೇ ಇಸವಿಯ ಅಕ್ಟೋಬರ್ 1ಕ್ಕೆ ಕೊನೆಯ ಓಡಾಟ. ಕಡಲಿನ ಕೆಳಗೆ ಸುರಂಗದ ರೈಲು ಬಂದಿತ್ತು, ಡ್ಯೂಟಿ ಫ್ರೀ ಮಾರಾಟ ನಿಂತಿತ್ತು, ಯಂತ್ರಗಳಿಗೆ ವಯಸ್ಸಾಗಿತ್ತು.

ಇದರ ಏರ್‌ಫಿಕ್ಸ್ ಕಿಟ್ 1:144 ಅಳತೆಯದು. ಅಂದರೆ ಒಂದು ಇಂಚಿಗೆ ಹನ್ನೆರಡು ಅಡಿ. ನಿಜದ 130 ಅಡಿ ಇಲ್ಲಿ ಅಂಗೈ ಎರಡು ಜೋಡಿಸಿಟ್ಟಷ್ಟು ಉದ್ದ, ಹತ್ತಿರ ಹತ್ತಿರ 27 ಸೆಂಟಿಮೀಟರ್. ಸಾಮಾನ್ಯವಾಗಿ ಪ್ರಯಾಣಿಕರ ವಿಮಾನಗಳ ಮಾಡೆಲ್‌ಗಳಿಗೆ ಇಡುವ ಅಳತೆ ಇದು. ಹೋವರ್‌ಕ್ರಾಫ್ಟನ್ನು ಹಡಗುಗಳ ಸಾಲಲ್ಲಿ ಇಡದೆ ವಿಮಾನಗಳ ಅಳತೆಗೆ ತಂದದ್ದರಲ್ಲೇ ಒಂದು ತೀರ್ಪು ಇದೆ, ಮತ್ತು ಅದು ಸರಿಯಾದ ತೀರ್ಪು. ಆ ಕಾಲದಲ್ಲಿ ಅದರ ಓಡಾಟವನ್ನು ‘ಫ್ಲೈಟ್’ ಅಂತಲೇ ಕರೀತಿದ್ದರು.

ನಮ್ಮಪ್ಪ ಇದನ್ನು ಒಂದೇ ಪ್ರಶ್ನೆಯಲ್ಲಿ ಕೇಳಿಬಿಟ್ಟರು. “ಏನವಾ ಇದು, ದೋಣೀನೋ ಇಮಾನಾನೋ?”

ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತೀನಿ. ಬೇರೆಯವರ ತಪ್ಪು ಹುಡುಕೋದೇ ಸಂಬಳದ ಕೆಲಸ. ಸಂಜೆ ಹೊತ್ತು ತಪ್ಪೇ ಇಲ್ಲದ ಏನಾದರೂ ಒಂದನ್ನು ಕೈಯಾರೆ ಮಾಡೋಣ ಅಂತ ಈ ಹವ್ಯಾಸ ಹಿಡಿದೆ. ಕಿಟ್ಟು ಸೆಕೆಂಡ್ ಹ್ಯಾಂಡ್. ಒಬ್ಬರ ಅಟ್ಟದ ಮೇಲೆ ವರ್ಷಗಟ್ಟಲೆ ಇದ್ದದ್ದು. ಹಬ್ಬಕ್ಕೆ ಊರಿಗೆ ಹೋಗುವಾಗ ಡಬ್ಬಿಯನ್ನೂ ಹೊತ್ತುಕೊಂಡು ಹೋದೆ. ಕುಮಾರಪಟ್ಟಣ ಗೊತ್ತಲ್ಲ, ಹರಿಹರದಲ್ಲಿ ಇಳಿದು ತುಂಗಭದ್ರೆಯ ಸೇತುವೆ ದಾಟಿದರೆ ಸಿಗುವ ಊರು. ಈ ದಡ ಹಾವೇರಿ ಜಿಲ್ಲೆ, ಆ ದಡ ದಾವಣಗೆರೆ ಜಿಲ್ಲೆ. ಅಪ್ಪ ಮೂವತ್ತು ವರ್ಷ ದಿನಾ ಸೈಕಲ್ ಮೇಲೆ ಹೊಳೆ ದಾಟಿ ಒಂದು ಕಾರ್ಖಾನೆಯ ಟೂಲ್ ರೂಮಿಗೆ ಹೋಗಿ ಬಂದವರು. ಈಗ ನಿವೃತ್ತಿ. ಬಲಗೈ ಸಣ್ಣಗೆ ನಡುಗುತ್ತೆ. ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತಾಡಲ್ಲ.

ಕಿಟ್ಟಿನ ಭಾಗಗಳು ಪ್ಲಾಸ್ಟಿಕ್ ಕಡ್ಡಿಯ ಚೌಕಟ್ಟಿಗೆ ಅಂಟಿಕೊಂಡೇ ಬರುತ್ತವೆ, ಕತ್ತರಿಸಿ ತೆಗೀಬೇಕು. ನಾನು ಮೊದಲನೇ ಚೌಕಟ್ಟು ತೆಗೆದು ಬೆಳಕಿಗೆ ಹಿಡಿದು ಗೊಣಗೋಕೆ ಶುರು ಮಾಡಿದೆ. ಅಂಚಿನಲ್ಲೆಲ್ಲ ತೆಳ್ಳನೆಯ ಪೊರೆ. ಒಳಮೈಯಲ್ಲಿ ದುಂಡಗಿನ ಗುರುತುಗಳು. ದಪ್ಪ ಇರುವ ಕಡೆ ಸಣ್ಣ ತಗ್ಗು. ಮಾಡೆಲ್ ಮಾಡುವವರ ಭಾಷೆಯಲ್ಲಿ ಇವೆಲ್ಲ ದೋಷ. ಉಜ್ಜಬೇಕು, ಪುಟ್ಟಿ ತುಂಬಬೇಕು, ಮತ್ತೆ ಉಜ್ಜಬೇಕು.

ಅಪ್ಪ ಕನ್ನಡಕ ಏರಿಸಿ ಅದನ್ನು ಇಸ್ಕೊಂಡರು. ಐದು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ ಶುರುವಾಯಿತು ನೋಡಿ. “ಈ ಪೊರಿ ಯಾಕ ಬಂದೈತಿ ಅಂದ್ರ, ಡೈ ಸವದೈತಿ. ಎರಡು ಅರ್ಧ ಒಂದಕ್ಕೊಂದು ಬಿಗಿಯಾಗಿ ಕುಂದ್ರವಲ್ವು, ಸಂದ್ಯಾಗ ಪ್ಲಾಸ್ಟಿಕ್ ನುಗ್ಗೈತಿ. ಈ ದುಂಡನ್ನ ಗುರ್ತು ಪಿನ್ನಿಂದು, ಡೈ ತೆರದ ಮ್ಯಾಲ ಮಾಲು ಹೊರಗ ದಬ್ಬತಾವಲ್ಲ, ಅವು. ಇಲ್ನೋಡು, ಎಲ್ಲಾ ಗುರ್ತು ಒಳಗಡೆ ಬರೋ ಹಂಗ ಇಟ್ಟಾನ. ಹೊರಗ ಒಂದೂ ಇಲ್ಲ. ಶ್ಯಾಣ್ಯಾ ಅದಾನ ಮಾಡ್ದಾಂವ.”

ಅಪ್ಪ ಹೊಗಳಿದ್ದು ಹೋವರ್‌ಕ್ರಾಫ್ಟನ್ನಲ್ಲ. ಅದರ ಅಚ್ಚನ್ನು ಉಕ್ಕಿನಲ್ಲಿ ಕೊರೆದ, ಹೆಸರು ಡಬ್ಬಿಯ ಮೇಲೆ ಎಲ್ಲೂ ಇಲ್ಲದ ಯಾರೋ ಒಬ್ಬ ಟೂಲ್ ಮೇಕರನ್ನು.

ಅಲ್ಲಿಗೆ ನನ್ನ ವಿಮರ್ಶೆ ಅರ್ಧ ಕೆಟ್ಟುಹೋಯಿತು. ಈ ಹವ್ಯಾಸದಲ್ಲಿ ಒಳ್ಳೆಯ ಮಾಡೆಲ್ ಅಂದರೆ ಅದನ್ನು ಯಾರೋ ಅಚ್ಚು ಹಾಕಿದರು, ಯಾರೋ ಕತ್ತರಿಸಿ ಅಂಟಿಸಿದರು ಅನ್ನೋ ಸುಳಿವೇ ಉಳಿಯಬಾರದು. ಕೀಲು ಕಾಣಬಾರದು, ಅಂಟು ಕಾಣಬಾರದು. ಎರಡು ಭಾಗ ಕೂಡುವ ಗೆರೆಯನ್ನು ಅಳಿಸಿಹಾಕೋಕೆ ಜನ ರಾತ್ರಿಯೆಲ್ಲ ಕೂತಿರುತ್ತಾರೆ. ನಾನೂ ಕೂತಿದ್ದೀನಿ. ಆದರೆ ಇಲ್ಲಿ ಅಳಿಸ್ತಿರೋದು ಏನನ್ನು? ಇನ್ನೊಬ್ಬರ ಕೆಲಸದ ಗುರುತನ್ನು. ಬೆಂಗಳೂರಿನ ನಮ್ಮ ಫ್ಲ್ಯಾಟುಗಳೂ ಹೀಗೇ ಅಲ್ವಾ, ಗೋಡೆ ಕಟ್ಟಿದವರ ಬೆರಳಚ್ಚು ಎಲ್ಲೂ ಇರಬಾರದು. ಅಂದಹಾಗೆ, ಕಳೆದ ಹದಿನೈದು ವರ್ಷಗಳ ಏರ್‌ಫಿಕ್ಸ್ ಡಬ್ಬಿಗಳಲ್ಲಿ ಎಷ್ಟೋ ಡಬ್ಬಿಗಳ ಮೇಲೆ ‘ಮೇಡ್ ಇನ್ ಇಂಡಿಯಾ’ ಅಂತಲೇ ಇದೆ. ಇಲ್ಲಿ ಅಚ್ಚಾಗಿ, ಅಲ್ಲಿಗೆ ಹೋಗಿ, ಕಸ್ಟಮ್ಸ್ ಕಟ್ಟಿಸಿಕೊಂಡು ನಮ್ಮ ಕೈಗೆ ವಾಪಸ್ ಬರುವ ಕಿಟ್ಟುಗಳನ್ನು ನಾವು ‘ಬ್ರಿಟಿಷ್ ಕ್ಲಾಸಿಕ್’ ಅಂತ ಕೊಂಡಾಡ್ತೀವಿ.

ಸೂಚನಾ ಹಾಳೆಯ ಬಗ್ಗೆ ಒಂದು ಮಾತು. ಈಗಿನ ಕಿಟ್‌ಗಳಲ್ಲಿ ಬರೀ ಚಿತ್ರ, ಬಾಣದ ಗುರುತು, ನಂಬರು. ಯಾವ ಭಾಷೆಯವರಿಗಾದರೂ ಅರ್ಥವಾಗಲಿ ಅಂತ. ಹಳೆಯ ಏರ್‌ಫಿಕ್ಸ್ ಹಾಳೆಗಳಲ್ಲಿ ಹಾಗಲ್ಲ. ಪ್ರತಿ ಭಾಗಕ್ಕೂ ಹೆಸರು, ಪ್ರತಿ ಹೆಜ್ಜೆಗೂ ಪೂರ್ತಿ ವಾಕ್ಯ. ಅಂಟಿಸು ಅನ್ನೋದಕ್ಕೆ ಅವರು ಬಳಸುತ್ತಿದ್ದ ಪದ ‘ಸಿಮೆಂಟ್’. ನಾನು ಅದನ್ನು ಅಪ್ಪನಿಗೆ ಹೇಳಿದಾಗ “ಹಂಗಾರ ಗೌಂಡಿ ಕರಸೂನು ತಡಿ” ಅಂದರು. ತಮಾಷೆ ಇರಲಿ, ಹಳೆಯ ಪದ್ಧತಿಯೇ ಮೇಲು ಅಂತ ನನ್ನ ಅನಿಸಿಕೆ. ಬಾಣದ ಗುರುತು ನೋಡಿ ಅಂಟಿಸಿದವರಿಗೆ ಭಾಗ ಎಲ್ಲಿ ಕೂರುತ್ತೆ ಅಂತ ಗೊತ್ತಾಗುತ್ತೆ. ಹೆಸರು ಓದಿ ಅಂಟಿಸಿದವರಿಗೆ ಅದು ಏನು ಮಾಡುತ್ತೆ ಅಂತ ಕೇಳಬೇಕು ಅನ್ಸುತ್ತೆ. ಅಪ್ಪ ಕೇಳಿದ್ದೂ ಅದನ್ನೇ. ಪ್ರೊಪೆಲ್ಲರಿನ ಕಂಬ ಯಾಕೆ ತಿರುಗಬೇಕು? (ದಿಕ್ಕು ಬದಲಿಸೋಕೆ. ನಿಜದ ಯಂತ್ರದಲ್ಲಿ ನಾಲ್ಕೂ ಕಂಬಗಳು ಎಡಕ್ಕೆ ಬಲಕ್ಕೆ ತಿರುಗುತ್ತಿದ್ದವು. ನೀರೊಳಗೆ ಚುಕ್ಕಾಣಿ ಇಲ್ಲವಲ್ಲ.) ಬ್ರೇಕ್ ಎಲ್ಲಿದೆ? ಅದಕ್ಕೆ ನಾನು ಫೋನ್ ತೆಗೆಯಬೇಕಾಯಿತು.

ಈಗ ಮುಖ್ಯ ತಕರಾರಿಗೆ ಬರ್ತೀನಿ: ಲಂಗ. ಹೋವರ್‌ಕ್ರಾಫ್ಟಿನ ಕೆಳಗೆ ಸುತ್ತಲೂ ಇಳಿಬಿದ್ದ ರಬ್ಬರು ಬಟ್ಟೆಗೆ ಅವರು ಇಟ್ಟ ಹೆಸರೇ ಸ್ಕರ್ಟ್. ಈ ಯಂತ್ರದ ಇಡೀ ಗುಟ್ಟು ಅದು. 1955ರಲ್ಲಿ ಕ್ರಿಸ್ಟೋಫರ್ ಕಾಕರೆಲ್ ಅನ್ನೋ ಎಂಜಿನಿಯರ್ ಬೆಕ್ಕಿನ ಆಹಾರದ ಡಬ್ಬಿಯನ್ನು ಕಾಫಿ ಡಬ್ಬಿಯೊಳಗಿಟ್ಟು, ಎರಡರ ಸಂದಿಯಿಂದ ಗಾಳಿ ಊದಿ, ಅಡುಗೆಮನೆಯ ತಕ್ಕಡಿಯ ಮೇಲೆ ಅದರ ಒತ್ತಡ ಅಳೆದ. ಬರೀ ಒಂದು ಡಬ್ಬಿಯಿಂದ ಊದಿದ್ದಕ್ಕಿಂತ ಅಂಚಿನಿಂದ ಸುತ್ತಲೂ ಊದಿದರೆ ಹೆಚ್ಚು ಎತ್ತುತ್ತೆ. 1959ರ ಜುಲೈ 25ರಂದು ಎಸ್‌ಆರ್‌.ಎನ್‌1 ಅನ್ನೋ ಮೊದಲ ದೊಡ್ಡ ಯಂತ್ರ ಕಡಲು ದಾಟಿತು. ಆದರೆ ಅದು ಏಳುತ್ತಿದ್ದದ್ದು ನೆಲದಿಂದ ಗೇಣಿಗೂ ಹೆಚ್ಚೇನಲ್ಲ. ಅಲೆ ಬಂದರೆ ಮುಗೀತು. ಕೆಳಗೆ ಬಗ್ಗುವ ಲಂಗ ಕಟ್ಟಿದ ಮೇಲೆಯೇ ಹೋವರ್‌ಕ್ರಾಫ್ಟ್ ನಿಜವಾದ ವಾಹನವಾದದ್ದು. ಅಲೆ ಬಂದಾಗ ಲಂಗ ಬಗ್ಗಿ ದಾರಿ ಬಿಡುತ್ತೆ, ಮತ್ತೆ ನೆಟ್ಟಗಾಗುತ್ತೆ. ಮತ್ತೆ ಸವೆಯೋದೂ ಅದೇ. ಉಪ್ಪುನೀರಲ್ಲಿ, ಕಾಂಕ್ರೀಟಿನ ಮೇಲೆ ಉಜ್ಜಿ ಉಜ್ಜಿ ಅದರ ಅಂಚಿನ ‘ಬೆರಳು’ಗಳು ಹರಿಯುತ್ತಿದ್ದವು. ಅವನ್ನು ಬಿಚ್ಚಿ ಹೊಸದು ಹಾಕೋಕೆ ಕೆಲಸಗಾರರು ಕೆಳಗೆ ನುಸುಳಿ ದುಡಿಯಬೇಕಿತ್ತು. ಖರ್ಚಿನ ದೊಡ್ಡ ಪಾಲು ಅಲ್ಲೇ ಹೋಗ್ತಿತ್ತು.

ಕಿಟ್ಟಿನಲ್ಲಿ ಈ ಲಂಗ ಗಟ್ಟಿ ಪಾಲಿಸ್ಟೈರೀನ್. ಒಂದೂ ಹರಿದಿಲ್ಲ, ಒಂದೂ ಬಗ್ಗಲ್ಲ. ಇಡೀ ಯಂತ್ರದಲ್ಲಿ ಮೆತ್ತಗಿರಬೇಕಾದ ಒಂದೇ ಒಂದು ಜಾಗ ಇಲ್ಲಿ ಎಲ್ಲಕ್ಕಿಂತ ಗಟ್ಟಿ. ಮಾಡೆಲ್ಲಿನ ಅಷ್ಟೂ ಭಾರ ನಿಂತಿರೋದೇ ಅದರ ಮೇಲೆ. ಪ್ಲಾಸ್ಟಿಕ್ ಕಿಟ್ಟಲ್ಲಿ ಇನ್ನೇನು ಮಾಡೋಕಾಗುತ್ತೆ ಅಂತ ಕೇಳಬಹುದು, ಸರಿ. ವಿಮಾನದ ಮಾಡೆಲ್ ಹಾರಲ್ಲ, ಹಡಗಿನದು ತೇಲಲ್ಲ. ಆದರೂ ನಿಂತ ವಿಮಾನವೂ ವಿಮಾನವೇ, ರೆಕ್ಕೆ ನೋಡಿದರೆ ಹಾರಾಟ ನೆನಪಾಗುತ್ತೆ. ಗಾಳಿ ಇಲ್ಲದ ಹೋವರ್‌ಕ್ರಾಫ್ಟು ನಿಜ ಜೀವನದಲ್ಲಿ ಹೊಟ್ಟೆ ಇಳಿದು, ಲಂಗ ಸುಕ್ಕಾಗಿ ನೆಲಕ್ಕೆ ಕುಸಿದಿರುತ್ತೆ. ಈ ಕಿಟ್ಟು ತೋರಿಸೋದು ಲಂಗ ಉಬ್ಬಿದ, ಅಂದರೆ ಎಂಜಿನ್ ಚಾಲೂ ಇರೋ ಯಂತ್ರವನ್ನು. ಆದರೆ ಪ್ರೊಪೆಲ್ಲರ್ ನಿಂತಿದೆ, ಸದ್ದಿಲ್ಲ, ಕಿಟಕಿಯ ಹಿಂದೆ ಯಾರೂ ಇಲ್ಲ. ಈ ಅಳತೆಯಲ್ಲಿ ಒಬ್ಬ ಮನುಷ್ಯ ಹನ್ನೆರಡು ಮಿಲಿಮೀಟರ್, ಒಂದು ಹೆಸರುಕಾಳಿನ ಎರಡು-ಮೂರು ಪಟ್ಟು. ಅಷ್ಟು ಸಣ್ಣವರನ್ನು ಕೂರಿಸೋದು ಕಷ್ಟ ಇರಬಹುದು. ಆದರೆ 1985ರ ಮಾರ್ಚ್ 30ರಂದು ಇಂಥದೇ ಒಂದು, ಪ್ರಿನ್ಸೆಸ್ ಮಾರ್ಗರೆಟ್, ಡೋವರ್ ಬಂದರಿನ ಕಲ್ಲುಗೋಡೆಗೆ ಬಡಿದು ನಾಲ್ಕು ಜನ ಸತ್ತರು ಅಂತ ಓದಿದ ಮೇಲೆ ನನಗೆ ಆ ಖಾಲಿ ಕಿಟಕಿಗಳನ್ನು ಪಾಲಿಶ್ ಮಾಡೋಕೆ ಒಂದು ದಿನ ಮನಸ್ಸೇ ಬರಲಿಲ್ಲ.

ಹಾಗಾಗಿ ನಾನೊಂದು ಪ್ಲ್ಯಾನ್ ಮಾಡಿದೆ. ಲಂಗದ ಅಂಚನ್ನು ಅಲ್ಲಲ್ಲಿ ಬ್ಲೇಡಿನಿಂದ ಹರಿಯೋದು, ಕೊಳೆ ಬಣ್ಣ ಬಳಿಯೋದು. ‘ವೆದರಿಂಗ್’ ಅಂತಾರೆ ಇದಕ್ಕೆ. ಸವೆತವನ್ನು ಬಣ್ಣದಲ್ಲಿ ನಟಿಸೋದು. ಈಗ ಅದೇ ಫ್ಯಾಷನ್. ಅಪ್ಪ ಬೇಡ ಅಂದರು. “ಸವದದ್ದು ಮೊದಲ ಐತಲ್ಲವಾ. ಖರೇದು ಬಿಟ್ಟು ಸುಳ್ಳ ಸವದದ್ದು ಯಾಕ ಬರಿತಿ?” ಡೈ ಸವೆದು ಬಂದ ಪೊರೆ ಇದ್ದದ್ದು ಆ ಲಂಗದ ಅಂಚಿನಲ್ಲೇ. ಒಂದು ಬದಿಯ ಪೊರೆಯನ್ನು ಹಾಗೇ ಬಿಟ್ಟೆವು. ಸ್ಪರ್ಧೆಗೆ ಕಳಿಸಿದರೆ ಮೊದಲ ಸುತ್ತಲ್ಲೇ ಆಚೆ. ಇನ್ನೊಂದು ಬದಿಯನ್ನು ಅಪ್ಪ ತಾವೇ ಉಜ್ಜಿದರು. ಉಜ್ಜುವಾಗ ಕೈ ನಡುಗಲಿಲ್ಲ ಅಂತ ಬರೆದರೆ ಸುಳ್ಳಾಗುತ್ತೆ. ನಡುಗಿತು. ಎರಡು ಕಡೆ ಗೀರು ಬಿದ್ದಿದೆ.

ಭಾಗಗಳನ್ನು ಕೀಳುವುದು, ಅಂಟು ಹಚ್ಚುವುದು. ನಮ್ಮ ಕಡೆಯವರಿಗೆ ಇದನ್ನು ಕೇಳಿದರೆ ಬೇರೊಂದು ನೆನಪಾಗುತ್ತೆ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಆಯಿತು. ಹಳ್ಳಿಯವರ ದನ ಮೇಯುವ ಜಾಗದಲ್ಲಿ ಪಲ್ಪ್ ಕಾರ್ಖಾನೆಗಾಗಿ ನೆಟ್ಟ ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಬೇಕಾದ ಗಿಡ ನೆಟ್ಟರು. ಆ ಪಲ್ಪ್ ಹೋಗಬೇಕಿದ್ದದ್ದು ನಮ್ಮ ಊರಿನ ಕಾರ್ಖಾನೆಗೇ. ಸುಮಾರು 30,000 ಹೆಕ್ಟೇರ್ ಜಮೀನಿನ ಯೋಜನೆ ಅದು, 1991ಕ್ಕೆ ನಿಂತುಹೋಯಿತು. ನೀಲಗಿರಿಯೂ ಹೋವರ್‌ಕ್ರಾಫ್ಟಿನ ಹಾಗೇ ‘ಮುಂದಿನ ಕಾಲ’ ಅನ್ನೋ ಲೇಬಲ್ ಹಚ್ಚಿಕೊಂಡೇ ಬಂದದ್ದು. ಅದರ ಕಿಟ್ಟನ್ನು ಯಾರೂ ಮಾಡಿಲ್ಲ ಅಷ್ಟೇ.

ಇಷ್ಟೆಲ್ಲ ಬೈದ ಮೇಲೆ ಈ ಕಿಟ್ ತಗೋಬೇಕಾ ಬೇಡ್ವಾ ಅಂತ ಕೇಳ್ತೀರಿ. ತಗೊಳ್ಳಿ, ಸಿಕ್ಕರೆ. ನಾಲ್ಕು ಪ್ರೊಪೆಲ್ಲರ್ ಕೂರಿಸಿದ ಮೇಲೆ ಮೇಲಿನಿಂದ ನೋಡಿದರೆ ಇದಕ್ಕೆ ಇನ್ನಾವ ಮಾಡೆಲ್ಲಿಗೂ ಇಲ್ಲದ ಒಂದು ಗತ್ತು ಇದೆ. ಒಂದೇ ಒಂದು ಕಾಲದಲ್ಲಿ ಮಾತ್ರ ಕಟ್ಟೋಕೆ ಸಾಧ್ಯವಿದ್ದ ವಸ್ತುವಿನ ಗತ್ತು. ಅಚ್ಚು ಹಳೆಯದು, ಸಂದು ಬಿಡುತ್ತೆ, ತಾಳ್ಮೆ ಬೇಕು. ಪಕ್ಕದಲ್ಲಿ ಕೂತು ಪ್ರಶ್ನೆ ಕೇಳೋರು ಒಬ್ಬರಿದ್ದರೆ ಇನ್ನೂ ಒಳ್ಳೆಯದು.

ಮುಗಿದ ಸಂಜೆ ಹೊಳೆ ಕಡೆ ಹೋಗಿದ್ದೆವು. ಬೇಸಿಗೆ, ನೀರಿಗಿಂತ ಮರಳೇ ಹೆಚ್ಚು, ನಡುವೆ ಒಂದೆರಡು ಸೀಳಾಗಿ ಹರೀತಿತ್ತು. ಅಪ್ಪ ಸೇತುವೆ ಮೇಲೆ ನಿಂತು ನೋಡಿ, “ನೀರಿದ್ರ ಹರಿಗೋಲು, ಇಲ್ಲಾಂದ್ರ ಕಾಲು. ಅರ್ಧ ನೀರು ಅರ್ಧ ಉಸುಕು ಇರೋ ಈ ಹೊಳಿಗೆ ನಿನ್ನ ಗಾಡಿ ಬರೋಬ್ಬರಿ ಆಕ್ಕೈತಿ” ಅಂದರು. ಎಸ್‌ಆರ್‌.ಎನ್‌4 ಬಗ್ಗೆ ನಾನು ಓದಿದ ಯಾವ ಲೇಖನದಲ್ಲೂ ಇಷ್ಟು ಚೊಕ್ಕವಾಗಿ ಅದು ಯಾಕೆ ಬೇಕು ಅಂತ ಹೇಳಿರಲಿಲ್ಲ.

ವಾಪಸ್ ಬಂದ ಮೇಲೆ ಪಕ್ಕದ ಮನೆಯ ಹುಡುಗ ಬಂದು ಮಾಡೆಲ್ಲನ್ನು ಬೆರಳಿಂದ ದೂಡಿ ನೋಡಿದ. ಟೇಬಲ್ ಮೇಲೆ ಕರ್ ಅಂತ ಕೆರೆಯಿತು. “ಓಡೂದಿಲ್ಲೇನ್ರೀ?” ಅಂದ. ಅಪ್ಪ ಒಳಗೆ ಹೋಗಿ, ಈಗ ಹಾಕೋಕೆ ಪ್ಲೇಯರೇ ಇಲ್ಲದ ನಮ್ಮಕ್ಕನ ಮದುವೆಯ ಸಿಡಿ ತಂದರು. ನೀರಿನ ಬಾಟಲಿಯ ಎಳೆದು ತೆಗೆಯುವ ಮುಚ್ಚಳವನ್ನು ಅದರ ನಡುವಿನ ತೂತಿನ ಮೇಲೆ ಫೆವಿಕ್ವಿಕ್ ಹಾಕಿ ಕೂರಿಸಿ, ಮೇಲೆ ಊದಿದ ಬಲೂನು ಸಿಕ್ಕಿಸಿದರು. ಮುಚ್ಚಳ ಎಳೆದು ಬಿಟ್ಟರೆ ಅದು ಟೈಲ್ಸ್ ನೆಲದ ಮೇಲೆ ಸದ್ದೇ ಇಲ್ಲದೆ ಜಾರಿಕೊಂಡು ಹೋಯಿತು, ಸೋಫಾದ ಕಾಲಿಗೆ ತಾಗಿ, ತಿರುಗಿ, ಅಡುಗೆಮನೆ ಹೊಸ್ತಿಲ ತನಕ. ಗೋಡೆಯಿಲ್ಲ, ಕಿಟಕಿಯಿಲ್ಲ, ಅಳತೆಯಿಲ್ಲ, ಬರೀ ಗಾಳಿ. ಹುಡುಗ ಮತ್ತೆ ಊದಿ ಕೊಡಿ ಅಂತ ಬಲೂನನ್ನು ಅಪ್ಪನ ಕೈಗೆ ಕೊಟ್ಟ.