ಬಂಧುಗಳು, ಪ್ರಾಜೆಕ್ಟ್ ಮುಗಿಯುವ ತನಕ

ಬಾಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ಓದುತ್ತಿದ್ದಾಗ ಜಾಝ್ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ ಅವರಿಗೆ ಅವರಣ್ಣ ಒಂದು ಆಲ್ಬಮ್ ತಂದುಕೊಟ್ಟರಂತೆ. ಕೊಟ್ಟದ್ದು ತಮಾಷೆಗೆ. 'ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್' ಎಂದು ಅದರ ಹೆಸರು. ನುಡಿಸಿದವರು ನಮ್ಮ ಕದ್ರಿ ಗೋಪಾಲನಾಥ್. ಚಾರ್ಲಿ ಪಾರ್ಕರನನ್ನು ಕೇಳಿ ಬೆಳೆದ ಹುಡುಗ, ಅದೇ ಆಲ್ಟೋ ಸ್ಯಾಕ್ಸನ್ನು ಇನ್ನೊಬ್ಬರು ಪಾರ್ಕರನ ಹಂಗೇ ಇಲ್ಲದೆ ನುಡಿಸುವುದನ್ನು ಕೇಳಿದ. ತಮಾಷೆ ಅಲ್ಲಿಗೇ ಮುಗಿಯಲಿಲ್ಲ. 2008ರಲ್ಲಿ ಇಬ್ಬರೂ ಜೊತೆಗೂಡಿ ನುಡಿಸಿದ 'ಕಿನ್ಸ್‌ಮೆನ್' ಹೊರಬಂತು. ಕಿನ್ಸ್‌ಮೆನ್ ಅಂದರೆ ಬಂಧುಗಳು. ಆ ಹೆಸರನ್ನೇ ಹಿಡಿದುಕೊಂಡು ಈ ಆಲ್ಬಮನ್ನು ಕೇಳಬೇಕು ಎಂಬುದು ನನ್ನ ವಾದ. ಎಂಥ ಬಂಧುಗಳು? ಎಷ್ಟು ದಿನದ ಬಂಧುಗಳು?

ಮೊದಲು ಸಂಗೀತದ ಮಾತು. ಗೋಪಾಲನಾಥರು ನಾಗಸ್ವರದ ಮನೆತನದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನು ಕಂಡು ಮನಸೋತು, ಗಮಕಕ್ಕೆ ಒಗ್ಗದ ಆ ವಾದ್ಯವನ್ನು ತಮಗೆ ಬೇಕಾದಂತೆ ತಿದ್ದಿ ಒಗ್ಗಿಸಿಕೊಂಡವರು. ಅವರ ಸ್ವರ ಒಂದು ಕಡೆ ನಿಲ್ಲುವುದೇ ಇಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ನೆಲ ಬಿಡದೆ ಜಾರಿಕೊಂಡು ಹೋಗುತ್ತದೆ. ಮಹಾಂತಪ್ಪನವರ ಸ್ವರಕ್ಕೆ ಹರಿತವಾದ ಅಂಚಿದೆ. ಅಡಿಕೆ ಕತ್ತರಿಯಲ್ಲಿ ಹೋಳು ಮಾಡಿದಂತೆ ಒಂದೊಂದೂ ಬಿಡಿಬಿಡಿಯಾಗಿ, ಭಾರೀ ವೇಗದಲ್ಲಿ ಬಂದು ಬೀಳುತ್ತವೆ. ವಾದ್ಯ ಒಂದೇ, ಉಸಿರು ಎರಡು. 'ಗಣೇಶ'ದಂಥ ಕೃತಿಯಲ್ಲಿ ಇಬ್ಬರೂ ಸರದಿಯ ಮೇಲೆ ನುಡಿಸುವಾಗ ಯಾರು ಯಾರು ಎಂದು ಕಣ್ಣು ಮುಚ್ಚಿಕೊಂಡೇ ಹೇಳಬಹುದು. ಈ ಆಲ್ಬಮಿನ ದೊಡ್ಡತನ ಇದೇ: ಇಬ್ಬರಲ್ಲಿ ಯಾರೂ ಇನ್ನೊಬ್ಬರ ವೇಷ ಹಾಕಲಿಲ್ಲ. ಫ್ಯೂಷನ್ ಎಂಬ ಹೆಸರಿನಲ್ಲಿ ನಾವು ಕೇಳಿದ ಬಹಳಷ್ಟು ಸರಕಿನಲ್ಲಿ ತಂಬೂರಿ ಒಗ್ಗರಣೆಗೆ ಬರುತ್ತದೆ, ಇಲ್ಲಿ ಹಾಗಾಗಿಲ್ಲ. ಕನ್ಯಾಕುಮಾರಿಯವರ ವಯೊಲಿನ್, ಪೂವಲೂರ್ ಶ್ರೀಜಿಯವರ ಮೃದಂಗ, ರೆಜ್ ಅಬ್ಬಾಸಿಯವರ ಗಿಟಾರ್ ಎಲ್ಲಕ್ಕೂ ಅವರವರ ಜಾಗ ಉಂಟು.

ತಕರಾರೂ ಇದೆ. ನಡುನಡುವೆ ಒಬ್ಬೊಬ್ಬರೇ ನುಡಿಸುವ ಪುಟ್ಟ ಪುಟ್ಟ ಆಲಾಪಗಳಿವೆ. 'ರೆಜ್-ಆಲಾಪ್', 'ಕನ್ಯಾ-ಆಲಾಪ್' ಎಂದು ಹೆಸರಿಟ್ಟಿದ್ದಾರೆ. ಕರ್ನಾಟಕ ಸಂಗೀತದವರು ಆಲಾಪನೆ ಎನ್ನುವುದನ್ನು ಇಲ್ಲಿ ಉತ್ತರಾದಿಯ ರೂಢಿಯಲ್ಲಿ ಆಲಾಪ್ ಎಂದದ್ದು ಸಣ್ಣ ವಿಷಯ, ಬಿಡಿ. ಆದರೆ ಆಲಾಪನೆ ಅಂದರೆ ರಾಗದ ಮನೆಯೊಳಗೆ ಕೂತು ಮಾಡುವ ಸಂಸಾರ. ಇಲ್ಲಿ ಅದು ಮುಂದಿನ ಕೃತಿಗೆ ಹೋಗುವ ಜಗಲಿಯಷ್ಟೇ ಆಗಿದೆ. ಚಪ್ಪಲಿ ಬಿಟ್ಟು ಒಳಗೆ ಹೊರಡುವುದರೊಳಗೆ ಮುಗಿಯುತ್ತದೆ. ಇನ್ನೊಂದು, ಡ್ರಮ್ಸೂ ಮೃದಂಗವೂ ಒಟ್ಟಿಗೆ ಏರಿದಾಗ ಮೃದಂಗದ ನಾದ ಕಳೆದುಹೋಗಿ ಬರೀ ಸದ್ದು ಉಳಿಯುತ್ತದೆ.

ಇಷ್ಟಾಗಿಯೂ ಇದು ಒಳ್ಳೆಯ ಆಲ್ಬಮ್, ಸಂಶಯವಿಲ್ಲ. ನನಗೆ ಕಾಡುವ ಪ್ರಶ್ನೆ ಸಂಗೀತದ ಆಚೆಯದು. ಇವರು ಕೂಡಿದ್ದು ಹೇಗೆ? ನ್ಯೂಯಾರ್ಕಿನ ಏಷ್ಯಾ ಸೊಸೈಟಿ ಒಂದು ಹೊಸ ರಚನೆಗೆಂದು ಹಣ ಕೊಟ್ಟಿತು. ಅದಕ್ಕೊಂದು ಗುಂಪು ಬೇಕಾಯಿತು, ದಕ್ಷಿಣ ಎನ್‌ಸೆಂಬಲ್ ಎಂದು ಹೆಸರಾಯಿತು. ಕಛೇರಿಗಳಾದವು, ಆಲ್ಬಮ್ ಆಯಿತು. ಈಗಿನ ಜಾಝ್ ಲೋಕದ ಭಾಷೆಯಲ್ಲಿ ಇದಕ್ಕೆ 'ಪ್ರಾಜೆಕ್ಟ್' ಎನ್ನುತ್ತಾರೆ. ಅಲ್ಲಿನ ಸಂಗೀತಗಾರರ ಬಾಯಲ್ಲಿ ಬ್ಯಾಂಡ್ ಎಂಬ ಮಾತಿಗಿಂತ ಪ್ರಾಜೆಕ್ಟ್ ಎಂಬ ಮಾತೇ ಹೆಚ್ಚು. ಅರ್ಜಿ ಬರೆಯಬೇಕು, ಅರ್ಜಿಯಲ್ಲಿ ಒಂದು 'ವಿಷಯ' ಇರಬೇಕು, ವಿಷಯಕ್ಕೆ ತಕ್ಕ ಜನ ಬೇಕು, ಹಣ ಮುಗಿದ ಮೇಲೆ ಮುಂದಿನ ಅರ್ಜಿ. ನಮ್ಮ ರಂಗಭೂಮಿಯವರಿಗೆ ಈ ರಾಗ ಹೊಸದಲ್ಲ.

ಹಿಂದೆ ಹೀಗಿರಲಿಲ್ಲ. ಡ್ರಮ್ಮರ್ ಆರ್ಟ್ ಬ್ಲೇಕಿಯ ಜಾಝ್ ಮೆಸೆಂಜರ್ಸ್ ತಂಡ 1990ರಲ್ಲಿ ಆತ ತೀರಿಕೊಳ್ಳುವವರೆಗೂ ಒಂದು ಗುರುಕುಲದಂತೆ ನಡೆಯಿತು. ಲೀ ಮೋರ್ಗನ್, ವೇಯ್ನ್ ಶಾರ್ಟರ್, ವಿಂಟನ್ ಮಾರ್ಸಾಲಿಸ್ ಎಲ್ಲರೂ ಆ ಡ್ರಮ್ಸಿನ ಮುಂದೆ ನಿಂತು ಪಳಗಿದವರು. ಇಪ್ಪತ್ತರ ಹರೆಯದ ಹುಡುಗ ರಾತ್ರಿ ಹಗಲು ಬಸ್ಸಿನಲ್ಲಿ ಹಿರಿಯರ ಜೊತೆ ಅಲೆದು, ಬೈಗುಳ ತಿಂದು, ಹಾಡುಗಳನ್ನು ಬಾಯಿಪಾಠ ಮಾಡಿ ಹೊರಬರುತ್ತಿದ್ದ. ತಂಡ ಬಿಟ್ಟವನ ಜಾಗಕ್ಕೆ ಇನ್ನೊಬ್ಬ. ಆ ವ್ಯವಸ್ಥೆಯನ್ನು ಹೊತ್ತು ತಿರುಗುತ್ತಿದ್ದ ಕ್ಲಬ್ಬುಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಉಳಿದದ್ದು ಒಂದು ಕಡೆ ವಿಶ್ವವಿದ್ಯಾಲಯ, ಇನ್ನೊಂದು ಕಡೆ ಫೆಲೋಶಿಪ್ಪು. ಮಹಾಂತಪ್ಪನವರಿಗೆ 2007ರಲ್ಲಿ ಗುಗನ್‌ಹೈಮ್ ಫೆಲೋಶಿಪ್ ಬಂತು. 2016ರಿಂದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾಝ್ ವಿಭಾಗ ಅವರ ಕೈಯಲ್ಲಿದೆ. ಅವರ ಗೆಳೆಯ, ಪಿಯಾನೊ ವಾದಕ ವಿಜಯ್ ಅಯ್ಯರ್ ಹಾರ್ವರ್ಡಿನಲ್ಲಿದ್ದಾರೆ. ಇದು ದೂರು ಅಲ್ಲ. ಸಂಬಳ ಬಂದರೆ ಮಾತ್ರ ಬಾಡಿಗೆ ಕಟ್ಟಬಹುದು, ನ್ಯೂಯಾರ್ಕಿನ ಬಾಡಿಗೆಯಂತೂ ಕೇಳುವುದೇ ಬೇಡ.

ಕ್ಲಬ್ಬು ಪೂರಾ ಸತ್ತಿಲ್ಲ ಅನ್ನಿ. 1994ರಲ್ಲಿ ಮಿಚ್ ಬೋರ್ಡನ್ ಎಂಬಾತ ಗ್ರೀನಿಚ್ ವಿಲೇಜಿನ ಒಂದು ನೆಲಮಾಳಿಗೆಯಲ್ಲಿ ತೆರೆದ 'ಸ್ಮಾಲ್ಸ್' ನಡುವೆ ಒಮ್ಮೆ ಮುಚ್ಚಿ, ಮತ್ತೆ ತೆರೆದು, ಈಗಲೂ ನಡೆಯುತ್ತಿದೆ. ಹತ್ತು ಡಾಲರ್ ಕೊಟ್ಟು ಒಳಗೆ ಹೋದವರು ಬೆಳಗಿನ ತನಕ ಕೂರಬಹುದಿತ್ತು ಶುರುವಿನಲ್ಲಿ. ನಡುರಾತ್ರಿ ಕಳೆದ ಮೇಲೆ ಜಾಮ್ ಸೆಷನ್. ಊರಿಗೆ ಹೊಸದಾಗಿ ಬಂದ ಹುಡುಗರು ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ತಮ್ಮ ಸರದಿ ಕಾಯುವ ಜಾಗ ಅದು. ಅಲ್ಲಿ ಅರ್ಜಿಯಲ್ಲಿ ಬರೆದದ್ದು ಲೆಕ್ಕಕ್ಕೆ ಬರುವುದಿಲ್ಲ, ಹಾಡು ಗೊತ್ತಿರಬೇಕು ಅಷ್ಟೆ.

ಮಹಾಂತಪ್ಪನವರದ್ದೇ ಇನ್ನೊಂದು ಆಲ್ಬಮಿನ ಬಗ್ಗೆ ಕನ್ನಡದವನಾಗಿ ಒಂದು ಮಾತು ಹೇಳದೆ ಇರಲಾರೆ. 2004ರ 'ಮದರ್ ಟಂಗ್' ಕೇಳಿ. 'ನೀವು ಇಂಡಿಯನ್ ಮಾತಾಡುತ್ತೀರಾ?' ಎಂಬ ಅಮೆರಿಕದ ಮಾಮೂಲಿ ಪ್ರಶ್ನೆಗೆ ಬೇರೆ ಬೇರೆ ಭಾಷೆಯವರಿಂದ ಅವರವರ ಭಾಷೆಯಲ್ಲಿ ಉತ್ತರ ಹೇಳಿಸಿ, ಆ ಮಾತಿನ ಏರಿಳಿತವನ್ನೇ ಸ್ವರಕ್ಕೆ ಇಳಿಸಿದ್ದಾರೆ. ಒಂದು ಕೃತಿಯ ಹೆಸರೇ 'ಕನ್ನಡ'. ತಮಿಳು, ತೆಲುಗು, ಕೊಂಕಣಿಯೂ ಉಂಟು. ಕರ್ನಾಟಕ ಮೂಲದ ಮನೆಯಲ್ಲಿ ಹುಟ್ಟಿ ಕೊಲರಾಡೊದ ಬೋಲ್ಡರಿನಲ್ಲಿ ಬೆಳೆದವರ ಈ ಸಿಟ್ಟು ನನಗೆ ಅರ್ಥವಾಗುತ್ತದೆ, ಅದನ್ನು ಸಂಗೀತ ಮಾಡಿದ ಜಾಣ್ಮೆಯೂ. ಆದರೆ ಆ ಕೃತಿಯಲ್ಲಿ ನಾನು ನಾಲ್ಕು ಸಲ ಕನ್ನಡ ಹುಡುಕಿದೆ. ಹುಡುಕಿದ್ದೇ ಬಂತು. ತಮಿಳಿಗೂ ಕನ್ನಡಕ್ಕೂ ಇರುವ ವ್ಯತ್ಯಾಸ ನನ್ನ ಕಿವಿಗಂತೂ ದಕ್ಕಲಿಲ್ಲ. ಸಿಕ್ಕಿದ್ದು ಜಾಝ್, ಅದೂ ಬಿಸಿಬಿಸಿ ಜಾಝ್. ಅರ್ಜಿಗೆ ವಿಷಯ ಒದಗಿಸುವ ಯೋಚನೆ ಬೇರೆ, ಕಿವಿಗೆ ಮುಟ್ಟುವ ಯೋಚನೆ ಬೇರೆ ಎಂದು ಅಲ್ಲಿ ಅನ್ನಿಸಿತು.

ಪ್ರಾಜೆಕ್ಟ್ ಅಲ್ಲದ ಬಂಧುತ್ವ ಹೇಗಿರುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ, ಬೆಂಗಳೂರಿನಲ್ಲೇ ಉದಾಹರಣೆ ಇದೆ. ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನ ಜೊತೆ ಅಮೆರಿಕದ ಆಲ್ಟೋ ವಾದಕ ಚಾರ್ಲಿ ಮಾರಿಯಾನೊ ಬೆಸೆದುಕೊಂಡ ನಂಟು ಒಂದು ಆಲ್ಬಮಿಗೆ ಮುಗಿಯಲಿಲ್ಲ. 1983ರ 'ಜ್ಯೋತಿ'ಯ ನಂತರವೂ ವರ್ಷಗಟ್ಟಲೆ ಒಟ್ಟಿಗೆ ನುಡಿಸಿದರು. ಮಾರಿಯಾನೊ ನಾಗಸ್ವರವನ್ನೂ ಕಲಿತಿದ್ದರು. 'ಜ್ಯೋತಿ'ಯಲ್ಲಿ ಆರ್.ಎ. ರಮಾಮಣಿಯವರ ದನಿಗೆ ಅವರ ಸ್ಯಾಕ್ಸು ದಾರಿ ಬಿಟ್ಟು, ಪಕ್ಕದಲ್ಲಿ ನಡೆದು, ಕೆಲವೆಡೆ ಸುಮ್ಮನಿದ್ದು ಬಿಡುತ್ತದೆ. ಸುಮ್ಮನಿರುವುದು ಹಳೆಯ ಪರಿಚಯದವರಿಗೆ ಮಾತ್ರ ಬರುತ್ತದೆ. 'ಕಿನ್ಸ್‌ಮೆನ್'ನಲ್ಲಿ ಇರುವ ಬಿಸಿ, ಬಿಗಿ 'ಜ್ಯೋತಿ'ಯಲ್ಲಿ ಇಲ್ಲ, ನಿಜ. ಸಾಧನೆಯ ದೃಷ್ಟಿಯಿಂದ ನಾನು 'ಕಿನ್ಸ್‌ಮೆನ್'ಗೇ ಹೆಚ್ಚು ಅಂಕ ಕೊಡುತ್ತೇನೆ. ಮತ್ತೆ ಮತ್ತೆ ಹಾಕಿಕೊಂಡು ಕೇಳುವುದು ಮಾತ್ರ 'ಜ್ಯೋತಿ'.

ಮಹಾಂತಪ್ಪನವರಿಗೆ ಅನ್ಯಾಯ ಆಗಬಾರದು. ಅವರಿಗೂ ಬಾಳಿಕೆಯ ಬಂಧುಗಳಿದ್ದಾರೆ. ಕರಾಚಿಯಲ್ಲಿ ಹುಟ್ಟಿದ ರೆಜ್ ಅಬ್ಬಾಸಿ, ತಬಲಾ ನುಡಿಸುವ ಡ್ರಮ್ಮರ್ ಡಾನ್ ವೈಸ್ ಜೊತೆ ಕಟ್ಟಿದ 'ಇಂಡೋ-ಪಾಕ್ ಕೊಅಲಿಷನ್' 2008ರಲ್ಲಿ 'ಆಪ್ತಿ', ಒಂಬತ್ತು ವರ್ಷ ಕಳೆದು 2017ರಲ್ಲಿ 'ಅಗ್ರಿಮ' ತಂದಿತು. ಹೆಸರು ಕೇಳಿ ನಗಬಹುದು. ಎರಡು ಸರ್ಕಾರಗಳ ಕೈಲಾಗದ್ದನ್ನು ಮೂರು ಜನ ಮಾಡಿದರು. 'ಅಗ್ರಿಮ'ವನ್ನು ಯಾವ ಕಂಪನಿಗೂ ಕೊಡದೆ ತಾವೇ ಎರಡೂವರೆ ಡಾಲರಿಗೆ ಡೌನ್‌ಲೋಡ್ ಮಾಡಿಕೊಳ್ಳಲು ಬಿಟ್ಟರು. ಜಗತ್ತೇ ಹೊಗಳುವ ಜಾಝ್ ವಾದಕರ ವರ್ಷಗಳ ಕೆಲಸಕ್ಕೆ ಒಂದು ಕಾಫಿಯ ಬೆಲೆ! ಆ ಬೆಲೆ ಇಟ್ಟದ್ದು ಧೈರ್ಯ ಎಂದೂ ಓದಬಹುದು, ಹತಾಶೆ ಎಂದೂ. ಪ್ರಿನ್ಸ್‌ಟನ್ನಿನ ಸಂಬಳ ಇಲ್ಲದವರು ಆ ಧೈರ್ಯ ಮಾಡಲಾರರು ಎಂಬುದಂತೂ ಸ್ಪಷ್ಟ.

ಗೋಪಾಲನಾಥರು 2019ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದದ್ದು ಬೇರೆಯದೇ ಬಗೆಯ ಬಳಗ. ದಕ್ಷಿಣ ಕನ್ನಡದಲ್ಲಿ ಈಗ ಸ್ಯಾಕ್ಸೋಫೋನು ಮಂಗಳವಾದ್ಯ. ಮದುವೆಗೆ, ದೇವಸ್ಥಾನದ ಜಾತ್ರೆಗೆ, ಭೂತದ ಕೋಲಕ್ಕೂ ಅದೇ. ಅದಕ್ಕೆ ಯಾವ ಫೌಂಡೇಶನ್ನೂ ಹಣ ಕೊಟ್ಟದ್ದಲ್ಲ.

ಬಂಟ್ವಾಳದ ಕಡೆಯ ಒಂದು ಮದುವೆಯಲ್ಲಿ ಸ್ಯಾಕ್ಸಿನವರ ಪಕ್ಕ ಕೂತಿದ್ದೆ. ಐವತ್ತರ ಆಸುಪಾಸು. ರೀಡನ್ನು ನಾಲಿಗೆಯ ಮೇಲಿಟ್ಟು ತೇವ ಮಾಡಿಕೊಳ್ಳುತ್ತಿದ್ದರು. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು, ನನ್ನ ಫೋನಿನಲ್ಲಿದ್ದ 'ಕಿನ್ಸ್‌ಮೆನ್' ಹಚ್ಚಿ ಇಯರ್‌ಫೋನು ಕೊಟ್ಟೆ. ಒಂದನ್ನು ಮಾತ್ರ ಕಿವಿಗಿಟ್ಟುಕೊಂಡರು, ಇನ್ನೊಂದು ಕಿವಿ ಪುರೋಹಿತರ ಕಡೆಗೆ. "ಇದು ನಮ್ಮ ಅಣ್ಣೇರ್‌ದು," ಅಂದರು ಗೋಪಾಲನಾಥರ ಸ್ವರ ಬಂದ ಕೂಡಲೇ. ಮಹಾಂತಪ್ಪನವರದ್ದು ಬಂದಾಗ ಹುಬ್ಬು ಮೇಲಾಯಿತು. "ಕೈ ಭಾರೀ ಉಂಟು ಮಾರಾಯ್ರೆ. ಇವರು ಎಲ್ಲಿಯವರು?"

ಹೇಳಿದೆ. ಅಲ್ಲಿ ಮದುವೆಗೆಲ್ಲ ಕರೆಯುವ ಪದ್ಧತಿ ಇಲ್ಲ, ಅರ್ಜಿ ಹಾಕಿ ಹಣ ತರಬೇಕು, ಕಾಲೇಜಿನಲ್ಲಿ ಪಾಠ ಮಾಡಬೇಕು ಎಂದೆಲ್ಲ ವಿವರಿಸಿದೆ. ಅವರು ಅಂಗಿಯ ಜೇಬಿನಿಂದ ಪುಟ್ಟ ಡೈರಿ ತೆಗೆದು, ಮೇ ತಿಂಗಳ ಹಾಳೆ ತೋರಿಸಿದರು. ದಿನಕ್ಕೆರಡು ಹೆಸರು, ಕೆಲವು ಕಡೆ ಮೂರು. ಮತ್ತೆ ಹಾಳೆ ಮಗುಚಿ ಜುಲೈಗೆ ಬಂದರು. ಆಟಿ ತಿಂಗಳು, ಮದುವೆ ಇಲ್ಲ, ಕೋಲ ಇಲ್ಲ, ಹಾಳೆ ಪೂರಾ ಖಾಲಿ.

"ಆಟಿಯಲ್ಲಿ ಸಹ ಸಂಬಳ ಬರ್ತದಾ ಅವರಿಗೆ?"

"ಬರ್ತದೆ."

"ಹಾಗಾದ್ರೆ ಅಡ್ಡಿಯಿಲ್ಲ," ಅಂದರು. ಅಷ್ಟರಲ್ಲಿ ಪುರೋಹಿತರು ಕೈ ಎತ್ತಿದರು. ಇಯರ್‌ಫೋನು ನನ್ನ ಮಡಿಲಿಗೆ ಬಿತ್ತು, ಡೋಲಿನವನು ಎದ್ದು ನಿಂತ, ಗಟ್ಟಿಮೇಳ ಶುರುವಾಯಿತು.