ಮೈನಸ್ ಯಾರ ಲೆಕ್ಕದ್ದು? ಗಡಿಭಾಗದ ತರಗತಿಯಲ್ಲಿ ಎಂಥಾಲ್ಪಿ ಪಾಠ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಆಡಿದ ಮಾತುಗಳ ಬರಹರೂಪ)

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಅಂದಕೂಡಲೇ ನಾವು ಸೀರೆಯ ಬಗ್ಗೆ ಮಾತಾಡ್ತೀವಿ, ಗಡಿಯ ಬಗ್ಗೆ ಮಾತಾಡ್ತೀವಿ. ಅಲ್ಲಿನ ಕನ್ನಡದ ಮನೆಗಳ ಮಕ್ಕಳು ವಿಜ್ಞಾನವನ್ನು ಯಾವ ಮಾತಿನಲ್ಲಿ ಕಲೀತಾರೆ ಅನ್ನೋದು ಚರ್ಚೆಗೆ ಬರೋದು ಕಡಿಮೆ. ಇವತ್ತು ಒಂದೇ ಪಾಠವನ್ನು ವಿಮರ್ಶೆಗೆ ತಗೊಂಡಿದ್ದೇನೆ: ರಾಸಾಯನಿಕ ಕ್ರಿಯೆಯ ಎಂಥಾಲ್ಪಿ ಬದಲಾವಣೆಯ ಲೆಕ್ಕ.

ಶಾಖ ಹೊರಬಿಡುವ ಕ್ರಿಯೆಯನ್ನು ಕನ್ನಡ ಪಠ್ಯ ‘ಬಹಿರುಷ್ಣಕ’ ಎನ್ನುತ್ತದೆ, ತೆಲುಗು ಪಠ್ಯ ‘ಉಷ್ಣಮೋಚಕ’ ಎನ್ನುತ್ತದೆ. ಇಂಗ್ಲಿಷ್ ಮಾಧ್ಯಮಕ್ಕೆ ಹೋದರೆ ‘ಎಕ್ಸೋಥರ್ಮಿಕ್’. ಮೂರೂ ಒಂದೇ ಅಂತ ಹೇಳಿ ಪಾಠ ಮುಂದೆ ಹೋಗುತ್ತದೆ. ನನ್ನ ತಕರಾರು ಇರೋದು ಇಲ್ಲೇ.

ಸುಣ್ಣವನ್ನೇ ನೋಡೋಣ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಪಾತ್ರೆ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಒಂದು ಮೋಲ್‌ಗೆ ಉಂಟಾಗುವಿಕೆಯ ಎಂಥಾಲ್ಪಿ, ಕಿಲೋಜೂಲ್‌ಗಳಲ್ಲಿ, ಹೀಗಿದೆ: ಅರಳಿದ ಸುಣ್ಣಕ್ಕೆ -986, ಸುಟ್ಟ ಸುಣ್ಣಕ್ಕೆ -635, ನೀರಿಗೆ -286. ಉತ್ಪನ್ನದಿಂದ ಪ್ರತಿವರ್ತಕಗಳ ಮೊತ್ತವನ್ನು ಕಳೆದರೆ -65 ಬರುತ್ತದೆ. 56 ಗ್ರಾಂ ಸುಟ್ಟ ಸುಣ್ಣ ಅರ್ಧ ಲೀಟರ್ ನೀರನ್ನು ಸುಮಾರು 30 ಡಿಗ್ರಿ ಬಿಸಿ ಮಾಡುವಷ್ಟು ಶಾಖ ಅದು.

ಇಲ್ಲಿ ಏಳಬೇಕಾದ ಪ್ರಶ್ನೆ: “ಬಿಸಿ ಹೆಚ್ಚಾಯ್ತಲ್ಲ ಸರ್, ಮೈನಸ್ ಯಾಕೆ?” ಇದು ದಡ್ಡ ಪ್ರಶ್ನೆಯಲ್ಲ. ಪಾತ್ರೆಯ ಕಡೆಯಿಂದ ನೋಡಿದರೆ ಶಾಖ ಬಂತು, ಸುಣ್ಣ-ನೀರಿನ ಕಡೆಯಿಂದ ನೋಡಿದರೆ ಹೋಯ್ತು. ಮೈನಸ್ ಇರೋದು ಎರಡನೆಯವರ ಲೆಕ್ಕದಲ್ಲಿ. ‘ಬಹಿರ್’ ಅನ್ನೋದು ಶಾಖ ಎಲ್ಲಿಗೆ ಹೋಯ್ತು ಅಂತ ಮಾತ್ರ ಹೇಳುತ್ತೆ. ‘ಮೋಚಕ’ ಅನ್ನೋದು ಬಿಟ್ಟುಕೊಟ್ಟವರು ಯಾರು ಅಂತ ತೋರಿಸುತ್ತೆ. ಚಿಹ್ನೆಗೆ ಹತ್ತಿರವಾದ ಪದ ತೆಲುಗಿನದು ಎಂದು ಒಪ್ಪಿಕೊಳ್ಳಲು ನಮಗೆ ಸಂಕೋಚ ಬೇಡ, ಎರಡೂ ಸಂಸ್ಕೃತದ ಪದಗಳೇ.

ಎರಡನೆಯ ದೋಷ ಸೂತ್ರದ್ದು. ಹೈಡ್ರೋಜನ್ ಮತ್ತು ಕ್ಲೋರಿನ್ ಸೇರಿ ಎರಡು ಮೋಲ್ ಹೈಡ್ರೋಜನ್ ಕ್ಲೋರೈಡ್ ಆಗುವಾಗ, ಬಂಧ ಮುರಿಯಲು 436 ಮತ್ತು 242, ಒಟ್ಟು 678 ಖರ್ಚು. ಹೊಸ ಬಂಧ ಕಟ್ಟಿದಾಗ ಎರಡು ಸಲ 431, ಅಂದರೆ 862 ಬಿಡುಗಡೆ. ಉತ್ತರ -184. ಇಲ್ಲಿ ಪ್ರತಿವರ್ತಕದಿಂದ ಉತ್ಪನ್ನ ಕಳೀಬೇಕು, ಸುಣ್ಣದ ಲೆಕ್ಕಕ್ಕೆ ತಿರುಗುಮುರುಗು! ಕಾರಣ ಹೇಳದೆ ಎರಡೂ ಸೂತ್ರಗಳನ್ನು ಚೌಕಟ್ಟಿನೊಳಗೆ ಹಾಕಿ ಕೊಟ್ಟರೆ ಮಗು ಬಾಯಿಪಾಠ ಮಾಡುತ್ತೆ, ಪರೀಕ್ಷೆಯಲ್ಲಿ ಅದಲುಬದಲು ಮಾಡುತ್ತೆ. ಬಂಧದ ಅಂಕಿ ಮುರಿಯುವ ಖರ್ಚು, ಉಂಟಾಗುವಿಕೆಯ ಅಂಕಿ ಕಟ್ಟುವಾಗಿನ ಬದಲಾವಣೆ. ಈ ಒಂದು ವಾಕ್ಯ ಸಾಕಿತ್ತು. ಯಾವ ದಾರಿಯಲ್ಲಿ ಹೋದರೂ ಒಟ್ಟು ಬದಲಾವಣೆ ಒಂದೇ ಅಂತ ಹೆಸ್ 1840ರಲ್ಲೇ ಹೇಳಿದ್ದ. ಉಂಟಾಗುವಿಕೆಯ ಎಂಥಾಲ್ಪಿಯಿಂದ ಮಾಡಿದರೂ ಹೆಚ್ಚುಕಡಿಮೆ ಅದೇ ಉತ್ತರ ಬರುತ್ತೆ.

ಪದ ಬದಲಿಸಿದರೆ ಎಲ್ಲ ಸರಿಹೋಗುತ್ತೆ ಅಂತ ನಾನು ಹೇಳ್ತಿಲ್ಲ. ಲೆಕ್ಕಕ್ಕೆ ಮೊದಲು ‘ಕೊಟ್ಟವರು ಯಾರು, ತಗೊಂಡವರು ಯಾರು’ ಅಂತ ಕೇಳಿ, ಎರಡೂ ಭಾಷೆಯ ಪದಗಳನ್ನು ಪಕ್ಕಪಕ್ಕ ಬರೆಯಿರಿ. ಇಲ್ಲದಿದ್ದರೆ ಚಿಹ್ನೆ ತಪ್ಪಿದ ಹುಡುಗಿ ತಪ್ಪು ತನ್ನ ಕನ್ನಡದ್ದೇ ಅಂತ ತಿಳೀತಾಳೆ. ಆ ತಪ್ಪು ಪಾಠದ್ದು, ಅವಳದಲ್ಲ.