ಕೊಪ್ಪ ಎಂದರೆ ಐದು

ಆಷಾಢದ ಒಂದು ಸಂಜೆ. ಕೊಪ್ಪದ ಹತ್ತಿರದ ನೆಂಟರ ಮನೆಯ ಜಗುಲಿಯಲ್ಲಿ, ಪ್ರಥಮ ಪಿಯುಸಿ ಓದುವ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದಳು. ಬೆಳಗಿನಿಂದ ಕರೆಂಟಿಲ್ಲ, ಬ್ಯಾಟರಿ ಮುಗಿಯುತ್ತ ಬಂದಿತ್ತು. ಒಂದು ಪದದ ಉದ್ದ ಎಷ್ಟೆಂದು ಪೈಥಾನನ್ನು ಕೇಳುವುದನ್ನು ಆಗಷ್ಟೇ ಕಲಿತಿದ್ದಳು. "ನಮ್ಮೂರ ಹೆಸರನ್ನು ಕನ್ನಡದಲ್ಲೇ ಹಾಕಿ ನೋಡೇ" ಎಂದೆ. 'ಕೊಪ್ಪ' ಎಂದು ಹಾಕಿದಳು. ಉತ್ತರ 5 ಎಂದು ಬಂತು. ಕಣ್ಣಿಗೆ ಕಾಣುವುದು ಎರಡೇ ಅಕ್ಷರ! ತಾನೇ ಒಂದು ಫಾರ್ ಲೂಪ್ ಬರೆದು ಒಂದೊಂದನ್ನೂ ಬೇರೆ ಬೇರೆ ಸಾಲಿಗೆ ಇಳಿಸಿದಳು: ಕ, ಒಕಾರದ ಚಿಹ್ನೆ, ಪ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ಪ. ಒತ್ತಕ್ಷರ ಯಂತ್ರದೊಳಗೆ ಹೀಗೆ ಬಿಡಿಬಿಡಿಯಾಗಿ ಕೂತಿರುತ್ತದೆ ಎಂದು ಕಂಡಾಗ ಅವಳ ಮುಖ ಅರಳಿತು.

ಇದೇ ವಿಷಯ ಅವಳ ಪಠ್ಯದ ಎರಡನೇ ಅಧ್ಯಾಯದಲ್ಲಿದೆ. ಆಸ್ಕಿ, ಇಸ್ಕಿ, ಯೂನಿಕೋಡ್‌ಗಳ ವಿಸ್ತೃತ ರೂಪಗಳನ್ನು ಅವಳು ಉರು ಹೊಡೆದೂ ಇದ್ದಳು. ಅವುಗಳಿಗೂ ತನ್ನೂರ ಹೆಸರಿಗೂ ಸಂಬಂಧವಿದೆ ಎಂಬುದು ಮಾತ್ರ ಆ ಸಂಜೆಯವರೆಗೆ ಗೊತ್ತಿರಲಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮಕ್ಕಳಿಗೆ ನಾವು ಕೊಡುತ್ತಿರುವ ಗಣಕ ವಿಜ್ಞಾನ ಶಿಕ್ಷಣದ ಗುಣ, ಕೊರತೆ ಎರಡೂ ಈ ಒಂದು ಘಟನೆಯಲ್ಲಿವೆ.

ಮೊದಲು ಗುಣ. ಪಿಯು ಪಠ್ಯ ಸಿ++ ಬಿಟ್ಟು ಎನ್‌ಸಿಇಆರ್‌ಟಿಯ ಪೈಥಾನ್‌ಗೆ ಬಂದದ್ದು ಒಳ್ಳೆಯ ಬದಲಾವಣೆ. ಹಿಂದೆ ಹೆಡರ್ ಫೈಲು, ಅರ್ಧವಿರಾಮಗಳ ಗೊಂದಲದಲ್ಲೇ ಮೊದಲ ತಿಂಗಳುಗಳು ಕಳೆದುಹೋಗುತ್ತಿದ್ದವು. ಈಗ ಎರಡನೇ ವಾರಕ್ಕೇ ಮಗು ತನ್ನ ಯೋಚನೆಯನ್ನು ಓಡಿಸಿ ನೋಡಬಹುದು. ದ್ವಿತೀಯ ಪಿಯುಸಿಯ ಸ್ಟ್ಯಾಕ್, ಕ್ಯೂ, ವಿಂಗಡಣೆ, ಹುಡುಕಾಟ, ಎಸ್‌ಕ್ಯುಎಲ್ ಅಧ್ಯಾಯಗಳ ಜೋಡಣೆಯೂ ಗಟ್ಟಿಯಾಗಿದೆ. ಲಿಖಿತಕ್ಕೆ 70, ಪ್ರಾಯೋಗಿಕಕ್ಕೆ 30 ಎಂಬ ಹಂಚಿಕೆಯನ್ನೂ ಒಪ್ಪಬಹುದು.

ಕೊರತೆ ಇರುವುದು ಪಿಯುಗೆ ಮೊದಲಿನ ಪ್ರೌಢಶಾಲೆಯ ಮೂರು ವರ್ಷಗಳಲ್ಲಿ. ನಮ್ಮ ಎಸ್‌ಎಸ್‌ಎಲ್‌ಸಿಯಲ್ಲಿ ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಇವೆ, ಗಣಕ ವಿಜ್ಞಾನವಿಲ್ಲ. ವೃತ್ತಿ ವಿಷಯವಾಗಿ ಐಟಿ ಕಲಿಸುವ ಸರ್ಕಾರಿ ಪ್ರೌಢಶಾಲೆಗಳು ಕೆಲವೇ. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿದ ಹುಡುಗ ಪಿಯುಗೆ ಬಂದಾಗ ವಿಷಯವೂ ಹೊಸದು, ಭಾಷೆಯೂ ಇಂಗ್ಲಿಷ್. ಎರಡು ಹೊಳೆಗಳನ್ನು ಒಟ್ಟಿಗೇ ದಾಟು ಎಂದಂತೆ. ದಾಟಲಾಗದವನು 'ಕಂಪ್ಯೂಟರ್ ನನ್ನ ತಲೆಗೆ ಹತ್ತುವುದಿಲ್ಲ' ಎಂದುಕೊಳ್ಳುತ್ತಾನೆ. ಆ ಮಾತು ಸುಳ್ಳು, ಆದರೆ ಅವನ ದಾರಿಯನ್ನು ಅದೇ ನಿರ್ಧರಿಸಿಬಿಡುತ್ತದೆ.

ಪ್ರಯತ್ನವೇ ನಡೆದಿಲ್ಲ ಎನ್ನಲಾಗದು. 2001ರ ಹೊತ್ತಿಗೇ ಕರ್ನಾಟಕ 'ಮಾಹಿತಿ ಸಿಂಧು' ಯೋಜನೆಯಲ್ಲಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ತಂದಿತ್ತು. ಮುಂದೆ ಕೇಂದ್ರದ ಐಸಿಟಿ ಯೋಜನೆಯೂ ಬಂತು. ಆದರೆ ಯಂತ್ರ, ಬೋಧಕರು ಎರಡನ್ನೂ ಹೊರಗಿನ ಸಂಸ್ಥೆಗಳಿಗೆ ಗುತ್ತಿಗೆಗೆ ಕೊಟ್ಟದ್ದು ಮೂಲದಲ್ಲೇ ತಪ್ಪು. ಅವಧಿ ಮುಗಿದಾಗ ಕಲಿಸುವವರು ಹೋದರು, ಮುಸುಕು ಹೊದ್ದ ಯಂತ್ರಗಳು ಉಳಿದವು. ಮಲೆನಾಡಿನ ಮಳೆಗಾಲದ ತೇವಕ್ಕೆ, ದಿನಗಟ್ಟಲೆ ಬಾರದ ಕರೆಂಟಿಗೆ ಅವು ಬೇಗ ಹಾಳಾದರೆ ಆಶ್ಚರ್ಯವೇನು?

ಘಟ್ಟದ ಕೆಳಗೆ ಕೇರಳದ ಕಾಸರಗೋಡನ್ನು ನೋಡಬೇಕು. ಅಲ್ಲೂ ಅಡಿಕೆ ತೋಟ, ಅಲ್ಲೂ ಜಡಿಮಳೆ, ಅಲ್ಲೂ ಕನ್ನಡ ಮಾಧ್ಯಮದ ಮಕ್ಕಳು. ಕೇರಳ ತನ್ನ ಐಟಿ@ಸ್ಕೂಲ್ ಯೋಜನೆಯಲ್ಲಿ ಗಣಿತ, ವಿಜ್ಞಾನ, ಭಾಷೆ ಕಲಿಸುವ ಶಿಕ್ಷಕರನ್ನೇ ತರಬೇತು ಮಾಡಿತು, ಮುಕ್ತ ತಂತ್ರಾಂಶವನ್ನೇ ನೆಚ್ಚಿತು. ಹತ್ತನೇ ತರಗತಿಯ ಐಸಿಟಿ ಪುಸ್ತಕ ಕನ್ನಡದಲ್ಲೂ ಇದೆ: ಇಂಕ್‌ಸ್ಕೇಪ್‌ನಲ್ಲಿ ಚಿತ್ರ, ಪೈಥಾನ್‌ನಲ್ಲಿ ಆಕೃತಿ, ಕ್ಯೂಜಿಐಎಸ್‌ನಲ್ಲಿ ನಕ್ಷೆ ಎಲ್ಲವನ್ನೂ ಅದು ಕನ್ನಡದ ಮೂಲಕವೇ ಕಲಿಸುತ್ತ ಬಂದಿದೆ. 2018ರಿಂದ ಪ್ರೌಢಶಾಲೆಗಳಲ್ಲಿ 'ಲಿಟಲ್ ಕೈಟ್ಸ್' ಎಂಬ ಮಕ್ಕಳ ಕೂಟಗಳೂ ಇವೆ. ಕುವೆಂಪು ಹುಟ್ಟಿದ್ದು ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ವಿಜ್ಞಾನ ಕನ್ನಡದಲ್ಲೇ ಮಕ್ಕಳಿಗೆ ಸಿಗಬೇಕೆಂದು ಬದುಕಿಡೀ ಹೇಳಿದ ಕವಿಯ ತಾಲ್ಲೂಕಿನಲ್ಲಿ ಇಲ್ಲದ್ದು ಗಡಿಯಾಚೆಯ ಕನ್ನಡದ ಮಕ್ಕಳಿಗೆ ಸಿಕ್ಕಿದೆ. ಈ ವಿಷಯದಲ್ಲಿ ನನಗೆ ನೋವಿದೆ.

ಎರಡನೇ ಕೊರತೆ ದಾರಿ ತೋರಿಸುವವರದು. ಇಂಜಿನಿಯರಿಂಗ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಬೇಕಾದರೆ ಪಿಯುನಲ್ಲಿ ಪಿಸಿಎಂಸಿಯೇ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಗಣಕ ವಿಜ್ಞಾನ) ಆಗಬೇಕು ಎಂದು ನಂಬಿ, ಅದಿರುವ ದೂರದ ಊರಿನ ಹಾಸ್ಟೆಲಿಗೆ ಮಕ್ಕಳನ್ನು ಕಳಿಸುವ ಪೋಷಕರನ್ನು ಕಂಡಿದ್ದೇನೆ. ಅದು ಕಡ್ಡಾಯವಲ್ಲ. ಸಿಇಟಿಯ ಇಂಜಿನಿಯರಿಂಗ್ ರ‍್ಯಾಂಕ್‌ಗೆ ಲೆಕ್ಕವಾಗುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಇವುಗಳ ಜೊತೆಗೆ ಜೀವಶಾಸ್ತ್ರ ಓದಿದವಳಿಗೂ ಆ ಬಾಗಿಲು ತೆರೆದಿದೆ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಮೂರು ವರ್ಷದ ಡಿಪ್ಲೊಮಾ ಮಾಡಿ, ಡಿಸಿಇಟಿ ಬರೆದು ನೇರ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಐಟಿಐನಲ್ಲಿ ಒಂದು ವರ್ಷದ ಕಂಪ್ಯೂಟರ್ ಕೋರ್ಸ್ ಕೋಪಾ ಇದೆ. ಬಿಸಿಎ ಇದೆ. 2020ರಲ್ಲಿ ಶುರುವಾದ ಐಐಟಿ ಮದ್ರಾಸಿನ ಡೇಟಾ ಸೈನ್ಸ್ ಪದವಿಗೆ ಜೆಇಇ ಬೇಕಿಲ್ಲ, ಪಾಠ ಆನ್‌ಲೈನ್. ಇಷ್ಟನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿ ಪ್ರತಿ ಒಂಬತ್ತನೇ ತರಗತಿಯ ಗೋಡೆಗೆ ಅಂಟಿಸಲು ಎಷ್ಟು ಖರ್ಚು?

ಕಲಿಕೆ ಶುರುಮಾಡಲು ಕರೆಂಟಿಗೂ ಕಾಯಬೇಕಿಲ್ಲ. ದೇಶದ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್‌ನ ವಲಯ ಪರೀಕ್ಷೆಯನ್ನು ಕಾಗದ, ಪೆನ್ನಿನಲ್ಲೇ ಬರೆಸಿಕೊಂಡು ಬಂದಿದ್ದಾರೆ. ಅಲ್ಲಿ ಬೇಕಾದದ್ದು ಯೋಚನೆಯ ಕ್ರಮ. ಆ ಕ್ರಮ ನಮ್ಮ ಮನೆಗಳಲ್ಲೇ ಇದೆ. ಅಡಿಕೆ ಆರಿಸುವ ಅಜ್ಜಿ ಬಲಿತದ್ದೆಷ್ಟು, ಬಣ್ಣ ಹೇಗಿದೆ ಎಂದು ನೋಡಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಕೈಬಿಡುವಿಲ್ಲದೆ ಬೇರೆ ಮಾಡುತ್ತಾಳೆ. ಅವಳ ಪಕ್ಕ ಕೂತು 'ಹೀಗಿದ್ದರೆ ಇದಕ್ಕೆ, ಇಲ್ಲದಿದ್ದರೆ ಅದಕ್ಕೆ' ಎಂದು ಬರೆದುಕೊಳ್ಳುವ ಎಂಟನೇ ತರಗತಿಯ ಹುಡುಗನಿಗೆ ಇಫ್-ಎಲ್ಸ್ ಅರ್ಥಮಾಡಿಸುವುದು ಕಷ್ಟವಲ್ಲ.

ಆ ಸಂಜೆ ಬ್ಯಾಟರಿ ಮುಗಿದ ಮೇಲೆ ಹುಡುಗಿ ಅಪ್ಪನ ಮಳೆ ಪುಸ್ತಕ ತಂದಳು. ತೋಟದವರು ದಿನಾ ಮಳೆ ಅಳೆದು ಇಂಚು, ಸೆಂಟ್ಸ್‌ನಲ್ಲಿ ಬರೆದಿಡುವ ಪುಸ್ತಕ. ಅದನ್ನು ಪಟ್ಟಿಯಾಗಿ ಕಂಪ್ಯೂಟರಿಗೆ ಏರಿಸಬೇಕೆಂದು ಅವಳ ಆಸೆ. ಒಂದು ಪುಟದಲ್ಲಿ ಮೂರು ದಿನ ಖಾಲಿ ಇತ್ತು. "ಇಲ್ಲಿ ಸೊನ್ನೆ ಹಾಕ್ಲಾ?" ಎಂದು ಕೇಳಿದಳು. ಆ ದಿನಗಳಲ್ಲಿ ಮಳೆ ಬರಲಿಲ್ಲವೋ, ಅಪ್ಪ ಊರಲ್ಲಿರಲಿಲ್ಲವೋ? ಸೊನ್ನೆಯೂ ಖಾಲಿಯೂ ಒಂದೇ ಅಲ್ಲ ಎಂಬುದು ದತ್ತಾಂಶ ವಿಜ್ಞಾನದ ಮೊದಲ ಪಾಠಗಳಲ್ಲೊಂದು. ಯಾರೂ ಹೇಳಿಕೊಡದೆ ಅವಳು ಅದರ ಹೊಸ್ತಿಲಿಗೆ ಬಂದು ನಿಂತಿದ್ದಳು. ಎಂಟನೇ ತರಗತಿಯಲ್ಲೇ ಅವಳಿಗೆ ಈ ಪ್ರಶ್ನೆ ಕೇಳುವ ಅವಕಾಶ ಸಿಗಬೇಕಿತ್ತು.